ಪರ್ವೀನ್ ಮನೆಯ ವೆನಿಲಾ ಐಸ್‌ಕ್ರೀಮ್

ಓಣಿಯೊಳಗೆ ಒಂದು ಫ್ರಿಜ್ಜು ಬಂದರೆ ಓಣಿಯವರೆಲ್ಲ ಹೋಗಿ ಅದರ ಬಾಗಿಲು ತೆಗೆದು, ಒಳಗಿನ ದೀಪ ನೋಡಿ, ತಣ್ಣನೆ ಗಾಳಿಗೆ ಮುಖವೊಡ್ಡಿ ಬರುತ್ತಿದ್ದ ಕಾಲವದು. ಕುಷ್ಟಗಿಯ ನಮ್ಮ ಓಣಿಯಲ್ಲಿ ಮೊದಲ ಫ್ರಿಜ್ಜು ಬಂದದ್ದು ಪಕ್ಕದ ಮನೆಗೆ, ಬಳೆ ಅಂಗಡಿಯವರ ಮಗಳು ಪರ್ವೀನಳ ಮನೆಗೆ. ಎಲ್ಲರೂ ನೋಡಿ ಬಂದರು, ನಾನು ಹೋಗಲಿಲ್ಲ. ನಮ್ಮ ಮಣ್ಣಿನ ಹರವಿಯ ನೀರೇ ಅದಕ್ಕಿಂತ ತಂಪು ಎಂದು ಸಾರಿಕೊಂಡು ತಿರುಗಿದೆ. ಯಾರೂ ಕೇಳಿರಲಿಲ್ಲ.

ನಿಜ ಹೇಳಬೇಕೆಂದರೆ ನನ್ನ ಹೊಟ್ಟೆ ಉರಿದದ್ದು ಫ್ರಿಜ್ಜಿಗಲ್ಲ, ಅಕ್ಕನಿಗಾಗಿ. ಅಕ್ಕ ಸುನಂದಾ ಮತ್ತು ಪರ್ವೀನ್ ಎಂಟನೇ ಇಯತ್ತೆಯ ಜೋಡಿ, ನಾನು ನಾಲ್ಕನೆಯದು. ಸಾಲಿ ಇದ್ದಾಗ ಅಕ್ಕ ಪರ್ವೀನಳಿಗೆ, ಬೇಸಿಗೆ ರಜೆಯಲ್ಲಿ ನನಗೆ. ಹೀಗೊಂದು ಪಾಲು ಆಗಿದೆ ಎಂದು ನಾನು ತಿಳಿದಿದ್ದೆ. ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು ಪಡಸಾಲೆಯಲ್ಲಿ ಗಜಗ ಆಡುತ್ತಿದ್ದೆವು. ಅಕ್ಕ ನನ್ನ ಕಾಯಿ ಕದ್ದು ಉಡಿಯಲ್ಲಿ ಮುಚ್ಚಿಡುವಳು, ನಾನು ಮೈಮೇಲೆ ಬಿದ್ದು ಕಸಿದುಕೊಳ್ಳುವೆ. ಆ ಬೇಸಿಗೆ ಫ್ರಿಜ್ಜು ಬಂದದ್ದೇ, ಅಕ್ಕ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಲೇ ಪಕ್ಕದ ಮನೆಗೆ ಓಡತೊಡಗಿದಳು.

ಅಲ್ಲಿ ಪರ್ವೀನಳ ತಾಯಿ, ನಾವೆಲ್ಲ ಚಾಚಿ ಎನ್ನುತ್ತಿದ್ದೆವು, ಐಸ್‌ಕ್ರೀಮ್ ಮಾಡುತ್ತಿದ್ದಳು. ಹಾಲು ನಮ್ಮದೇ ಎಮ್ಮೆಯದು. ಅದು ನನಗೆ ಇನ್ನೂ ದೊಡ್ಡ ಅನ್ಯಾಯವಾಗಿ ಕಾಣುತ್ತಿತ್ತು. ಎಮ್ಮೆಗೆ ಹುಲ್ಲು ಹಾಕುವವಳು ನಾನು, ಐಸ್‌ಕ್ರೀಮ್ ಪರ್ವೀನಳಿಗೆ! ಉಗುರುಬೆಚ್ಚಗಿನ ಹಾಲಿಗೆ ಸಕ್ಕರೆ, ಕಸ್ಟರ್ಡ್ ಪುಡಿ ಹಾಕಿ ಗಂಟಿಲ್ಲದಂತೆ ಕಡೆದು, ಕುದಿಸಿ ಗಟ್ಟಿ ಮಾಡಿ, ಆರಿದ ಮೇಲೆ ಪುಟ್ಟ ಬಾಟಲಿಯ ವೆನಿಲಾ ನಾಲ್ಕು ಹನಿ. ಅರ್ಧ ಹೆಪ್ಪುಗಟ್ಟಿದಾಗ ಹೊರತೆಗೆದು ಮತ್ತೆ ಕಡೆಯಬೇಕು. ಕಡೆಯಲು ಅವರಲ್ಲಿ ಏನೂ ಇರಲಿಲ್ಲ. ನಮ್ಮ ಮಜ್ಜಿಗೆಯ ಕಡಗೋಲೇ ಹೋಗುತ್ತಿತ್ತು. ಅಕ್ಕ ಎರಡೂ ಅಂಗೈ ನಡುವೆ ಅದನ್ನು ತಿರುಗಿಸುವಳು, ಪರ್ವೀನ್ ಪಾತ್ರೆ ಹಿಡಿಯುವಳು. ನಡುವಿನ ಗೋಡೆಯಾಚೆಯಿಂದ ವೆನಿಲಾದ ವಾಸನೆಯೂ ಅವರಿಬ್ಬರ ನಗುವೂ ಒಟ್ಟಿಗೇ ಬರುತ್ತಿದ್ದವು.

ಮೊದಲ ಸಲ ಅಕ್ಕ ನನಗೂ ಒಂದು ಬಟ್ಟಲು ತಂದಳು. ಅರ್ಧ ಕರಗಿತ್ತು.

"ತಿನ್ನಬೇ, ಭಾಳ ಛಲೋ ಆಗೈತಿ."

"ನನಗ ಬ್ಯಾಡ. ಅವರ ಮನೀದು ನೀನ ತಿನ್ನು."

"ಹಂಗ್ಯಾಕ ಮಾರಿ ಊದಸ್ಕೊಂಡಿ? ನೀನೂ ಬಾ ಅಲ್ಲಿ."

ನಾನು ಹೋಗಲಿಲ್ಲ. ಅವಳು ಆ ಕಡೆ ತಿರುಗಿದ್ದೇ ತಡ, ಬಟ್ಟಲನ್ನು ನೆಕ್ಕಿ ತೊಳೆದಷ್ಟು ಸ್ವಚ್ಛ ಮಾಡಿದೆ. ಅಷ್ಟು ರುಚಿಯಾದದ್ದನ್ನು ಅವರಿಬ್ಬರೇ ಕೂಡಿ ಮಾಡಿದ್ದಾರೆಂಬುದಕ್ಕೆ ನನಗೆ ಮತ್ತಷ್ಟು ಸಂಕಟವಾಯಿತು.

ಪರ್ವೀನಳ ಸೋದರಮಾವ ಕೊಪ್ಪಳದಿಂದ ಬರುವ ದಿನ ಎರಡು ಸೇರು ಹಾಲಿನ ಐಸ್‌ಕ್ರೀಮ್ ಮಾಡುವುದಿತ್ತು. ಅಕ್ಕ ಬೆಳಿಗ್ಗೆಯೇ ಅಲ್ಲಿದ್ದಳು. ಗೋಡೆಯಾಚೆಯಿಂದ ಕೂಗಿದಳು.

"ಕಡಗೋಲು ಗೂಟಕ್ಕ ಹಾಕೀನಿ, ತೊಗೊಂಡು ಬಾರ!"

ಅವ್ವ ಹಿತ್ತಲಲ್ಲಿ ಎಮ್ಮೆಯ ಮೈ ತಿಕ್ಕುತ್ತಿದ್ದಳು. ತೊಳೆದು ಒಣಗಿದ ಕಡಗೋಲನ್ನು ಗೂಟದಿಂದ ತೆಗೆದುಕೊಂಡೆ. ಮೂಲೆಯಲ್ಲಿ ನಿನ್ನೆಯ ಮಜ್ಜಿಗೆ, ಮೂಗು ಸುಡುವಷ್ಟು ಹುಳಿ. ಕಡಗೋಲನ್ನು ಅದರೊಳಗೆ ಮುಳುಗಿಸಿ ತಿರುಗಿಸಿದೆ. ಅದರ ಹಲ್ಲುಗಳ ಸಂದಿಗೆಲ್ಲ ಮಜ್ಜಿಗೆಯ ಗಸಿ ಮೆತ್ತಿಕೊಂಡಿತು. ಆಟಕ್ಕೆ ಸೆರಗೆಂದು ನಾನು ಹೊದ್ದಿದ್ದ ಅವ್ವನ ಹಳೇ ಅರಿವೆಯಲ್ಲಿ ಸುತ್ತಿ ಅವರ ಮನೆಗೆ ಒಯ್ದು ಕೊಟ್ಟೆ. ಅಕ್ಕ ಹರಟೆಯಲ್ಲಿದ್ದಳು, ನೋಡದೆ ಬೆಚ್ಚನೆ ಹಾಲಿಗಿಟ್ಟು ಕಡೆದಳು. ಅಷ್ಟರಲ್ಲಿ ಸ್ಟೋವಿನ ಸೀಮೆಎಣ್ಣೆ ಮುಗಿದಿತ್ತು. ಅದನ್ನು ತರಿಸುವವರೆಗೆ ಹಾಲು ಆ ಸೆಖೆಯಲ್ಲಿ ಹಾಗೇ ಕುಳಿತಿತ್ತು. ಒಲೆಗಿಟ್ಟಾಗ ಪಾತ್ರೆಯ ತುಂಬ ಒಡೆದ ಗರಣೆ.

ಚಾಚಿ ಬೈಯಲಿಲ್ಲ. "ಬ್ಯಾಸಗಿ ಅಲ್ಲೇನವಾ, ಹಾಲು ಕೆಟ್ಟಿರಬೇಕು" ಎಂದಳಷ್ಟೇ. ಆ ಮಾತು ಗೋಡೆ ದಾಟಿ ಅವ್ವನ ಕಿವಿಗೆ ಬಿತ್ತು. ಅವ್ವ ಒದ್ದೆ ಕೈಯಲ್ಲೇ ಬಂದಳು. ಎಮ್ಮೆಯ ಹಾಲಿಗೆ ಯಾರಾದರೂ ಮಾತು ಹಚ್ಚಿದರೆ ಅವಳು ತಡೆಯುತ್ತಿರಲಿಲ್ಲ.

"ನಮ್ಮನಿ ಹಾಲು ಒಡಿಯೂದಿಲ್ಲರಿ. ಎಲ್ಲೈತಿ ಕಡಗೋಲು?"

ಮೂಸಿ ನೋಡಿದಳು. ಕಡಗೋಲು ತೊಳೆಯುವುದು ದಿನಾಲೂ ಅಕ್ಕನ ಕೆಲಸ. ಚಾಚಿ, ಪರ್ವೀನ್ ಎಲ್ಲರೆದುರು ಅವ್ವ ಅಕ್ಕನ ಕೆನ್ನೆಗೆ ಬಾರಿಸಿದಳು.

"ದೊಡ್ಡಾಕಿ ಆಗೀದಿ, ತೊಳೀಲಾರದ ಕಡಗೋಲು ಮಂದಿ ಮನಿಗೆ ತರ್ತೀಯೇನ? ನಾಳೆಯಿಂದ ಈ ಕಡೆ ಬಂದಿ ಅಂದ್ರ ಕಾಲು ಮುರೀತೀನಿ!"

ಅಕ್ಕ ನನ್ನನ್ನು ನೋಡಿದಳು. ನಾನು ಬಾಗಿಲ ಚಿಲಕ ಹಿಡಿದು ನಿಂತಿದ್ದೆ. ನಾಚಿಕೆ ಆಯಿತೇ ಎಂದು ಕೇಳಿದರೆ, ಆಯಿತು. ಆದರೆ ಅದಕ್ಕಿಂತ ಮೊದಲು ಖುಷಿಯಾಗಿತ್ತು, ಅದನ್ನೂ ಹೇಳಬೇಕು. ಚಾಚಿ ಆ ಒಡೆದ ಹಾಲಿಗೆ ಬೆಲ್ಲ ಹಾಕಿ ಕಾಯಿಸಿ, ಏಲಕ್ಕಿ ಉದುರಿಸಿ ಸಂಜೆ ನಮಗೇ ಕಳಿಸಿಕೊಟ್ಟಳು. ಎಲ್ಲರೂ ತಿಂದರು.

ಅಂದಿನಿಂದ ಅಕ್ಕ ಮಧ್ಯಾಹ್ನವೆಲ್ಲ ಮನೆಯಲ್ಲೇ. ಕೇಳಿದರೆ ಗಜಗ ಆಡುವಳು. ಆದರೆ ಕಾಯಿ ಕದಿಯುತ್ತಿರಲಿಲ್ಲ, ಕೀಟಲೆ ಇಲ್ಲ. ಪ್ರತಿ ಆಟದಲ್ಲೂ ನನ್ನನ್ನೇ ಗೆಲ್ಲಲು ಬಿಡುತ್ತಿದ್ದಳು. ಹಟ ಹಿಡಿದು ಪಡೆದುಕೊಂಡ ಅಕ್ಕ ಮೊದಲಿನ ಅಕ್ಕ ಆಗಿರಲಿಲ್ಲ. ಮುಂದೆ ಆ ಸಲಿಗೆ ನಮ್ಮಿಬ್ಬರ ನಡುವೆ ಪೂರಾ ಮರಳಿ ಬರಲೂ ಇಲ್ಲ.

ಈಗ ಎಮ್ಮೆ ಇಲ್ಲ, ಅವ್ವ ಇಲ್ಲ, ಕಡಗೋಲು ಎಲ್ಲಿ ಹೋಯಿತೋ ಗೊತ್ತಿಲ್ಲ. ಪರ್ವೀನ್ ಗಂಗಾವತಿಯಲ್ಲಿದ್ದಾಳೆ, ಅಕ್ಕ ಯಲಬುರ್ಗಾದಲ್ಲಿ. ಇಬ್ಬರೂ ದಿನಾ ಫೋನಿನಲ್ಲಿ ತಾಸುಗಟ್ಟಲೆ ಮಾತಾಡುತ್ತಾರೆ. ನನಗೆ ಅಕ್ಕನ ಫೋನು ಬಂದರೆ "ಊಟಾತೇನು, ಆರಾಮ ಅದೀಯಿಲ್ಲೊ" ಎಂಬಲ್ಲಿಗೆ ಮುಗಿಯುತ್ತದೆ.

ಹೋದ ಬೇಸಿಗೆ ಅಕ್ಕ ಕೊಪ್ಪಳಕ್ಕೆ ನನ್ನ ಮನೆಗೆ ಬಂದಿದ್ದಳು. ನನ್ನ ಮಗಳು ಮಿಕ್ಸರಿನಲ್ಲಿ ತಿರುವಿ ವೆನಿಲಾ ಐಸ್‌ಕ್ರೀಮ್ ಮಾಡಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ, ಇಷ್ಟು ವರ್ಷ ಮುಚ್ಚಿಟ್ಟಿದ್ದ ಮಾತು ಹೊರಬಿತ್ತು.

"ಅಕ್ಕಾ, ಅವತ್ತ ಕಡಗೋಲು ಮಜ್ಜಿಗ್ಯಾಗ ಅದ್ದಿದಾಕಿ ನಾನ."

ಅಕ್ಕ ಚಮಚೆ ಕೆಳಗಿಡಲೂ ಇಲ್ಲ. "ಗೊತ್ತೈತಿ ತಗಿ. ತೊಳದು ಗೂಟಕ್ಕ ಹಾಕಿದಾಕಿ ನಾನ ಅಲ್ಲೇನು?"

"ಮತ್ತ ಅವ್ವಗ ಯಾಕ ಹೇಳಲಿಲ್ಲ?"

"ಹೇಳಿದ್ರ ನಿನ್ನ ಬಡೀತಿದ್ಲು. ಭಾಳ ಸಣ್ಣಾಕಿ ಇದ್ದಿ."

ನನಗೆ ಕಣ್ಣು ತುಂಬಿ ಬಂತು. ಏನಾದರಾಗಲಿ, ಇದೊಂದು ಗುಟ್ಟು ನಮ್ಮಿಬ್ಬರದೇ ಆಗಿತ್ತಲ್ಲ ಎಂದು ಅವಳ ಕೈ ಹಿಡಿಯಲು ಹೋದೆ.

"ಪರ್ವೀನಗ ಅಷ್ಟ ಹೇಳಿದ್ದೆ" ಎಂದಳು ಅಕ್ಕ. "ಅವತ್ತ ಸಂಜಿಕ, ಗ್ವಾಡಿ ಮ್ಯಾಲಿಂದ. ನಿನ್ನ ಮಾರಿ ನೆನಸಿಕೊಂಡು ಇಬ್ಬರೂ ಎಷ್ಟ ನಕ್ಕಿದ್ವಿ ಅಂತಿ! ಈಗೂ ನಗತೀವಿ."

ಹೇಳುತ್ತ ಹೇಳುತ್ತ ಮತ್ತೆ ನಕ್ಕಳು. ಸಣ್ಣವಳಿದ್ದಾಗ ನನ್ನ ಗಜಗ ಕದ್ದು ನಗುತ್ತಿದ್ದಳಲ್ಲ, ಅದೇ ನಗು. ಆ ಅಕ್ಕ ನನ್ನ ತಪ್ಪಿನಿಂದ ಕಳೆದುಹೋದಳೆಂದು ಇಷ್ಟು ವರ್ಷ ಮರುಗಿದ್ದೆ. ಅವಳೆಲ್ಲೂ ಕಳೆದಿರಲಿಲ್ಲ, ಪರ್ವೀನಳ ಹತ್ತಿರ ಇದ್ದಳು.