ಬಂಡೆಯ ಮೇಲಿನ ಕಾಲು

ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರ ಚಿತ್ರಗಳಿಗೆ ಫ್ರೇಮ್ ಹಾಕುವವರೊಬ್ಬರಿದ್ದರು, ಮಂಗಳೂರು ಕಡೆಯವರು. ಯಾವ ಚಿತ್ರ ಕೊಟ್ಟರೂ ಗೋಡೆಯ ಮೊಳೆಗೆ ಸಿಕ್ಕಿಸಿ, ಕೈಕಟ್ಟಿ ನಿಂತು, “ಮೊದಲು ನೋಡುವ, ಮತ್ತೆ ಅಳತೆ” ಅನ್ನುತ್ತಿದ್ದರು. ಲೋಕಲ್ ರೈಲು ಹಿಡಿಯುವ ಅವಸರದಲ್ಲಿರುತ್ತಿದ್ದ ನನಗೆ ಇದರಿಂದ ರೇಗಿಹೋಗುತ್ತಿತ್ತು.

ಒಮ್ಮೆ ಚೆಂಬೂರಿನ ನನ್ನ ಚಿತ್ರಕಲೆಯ ತರಗತಿಗೆಂದು ಹತ್ತೊಂಬತ್ತನೇ ಶತಮಾನದ ಯುರೋಪಿನ ವರ್ಣಚಿತ್ರವೊಂದರ ಪ್ರಿಂಟನ್ನು ಫ್ರೇಮ್ ಹಾಕಿಸಲು ಅವರಲ್ಲಿಗೆ ಒಯ್ದಿದ್ದೆ. ಕಡಲ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತ ಹತ್ತು ವರ್ಷದ ಹುಡುಗಿ, ಸೊಂಟದ ಮೇಲೆ ಚಿಪ್ಪುಮೀನಿನ ಬುಟ್ಟಿ, ಕೆಂಪು ಕೆನ್ನೆ, ತುಂಬು ನಗು. ಅವರು ಎಂದಿಗಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕೂತು, ಚಪ್ಪಲಿ ಬಿಟ್ಟು, ತಮ್ಮ ಅಂಗಾಲು ತೋರಿಸಿದರು. ಅದರ ತುಂಬ ಹಳೆಯ ಬಿಳಿ ಗೀರುಗಳು.

“ಇವಳ ಪ್ರಾಯದಲ್ಲಿ ನಾನೂ ಚಿಪ್ಪು ಹೆಕ್ಕಲಿಕ್ಕೆ ಹೋಗ್ತಿದ್ದೆ ಮಾರಾಯ್ರೆ. ಆ ಬಂಡೆ ಅಂದ್ರೆ ಬ್ಲೇಡ್. ಇವಳ ಕಾಲಿಗೆ ಒಂದು ಗೀರೂ ಇಲ್ಲ.”

ನನಗೆ ನಾಚಿಕೆಯಾಯಿತು. ಕೆಳಗಿನ ಅಂಚಿಗೆ ಕಾಲು ಮುಚ್ಚುವಷ್ಟು ಅಗಲದ ರಟ್ಟು ಹಾಕಿಬಿಡಿ ಎಂದೆ.

“ಬೇಡ. ಕಾಲು ಕಾಣ್ಲಿ. ಯಾರಾದ್ರೂ ಒಬ್ರು ಕೇಳ್ತಾರೆ.”

ಅವರ ಅಂಗಡಿ ಈಗಿಲ್ಲ. ಚಿತ್ರ ನನ್ನ ತರಗತಿಯಲ್ಲಿದೆ. ಕಲೆಯನ್ನೇ ಓದಿ ಬಂದಿದ್ದ ನನಗೆ ನೋಡುವುದನ್ನು ಕಲಿಸಿದವರು ಅವರು. ಮಕ್ಕಳು ಪೆನ್ಸಿಲ್ ಎತ್ತಿಕೊಂಡಾಗಲೆಲ್ಲ ನಾನೂ “ಮೊದಲು ನೋಡುವ” ಅನ್ನುತ್ತೇನೆ. ಕಳೆದ ವಾರ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು.

“ಟೀಚರ್, ಇವಳ ಕಾಲು ಇಷ್ಟು ಸಾಫ್ ಹೇಗೆ?”