ಸುಹರಾ ಇತ್ತಾ ಬಿಚ್ಚಿ ನೋಡಿದ ಪ್ಯಾಕೇಜ್

ಕಲ್ಲಿಕೋಟೆಯಲ್ಲಿ ಬೆಳಗಿನ ಬಾಂಗ್ ಆಗಿ ಸ್ವಲ್ಪ ಹೊತ್ತಾಗಿದೆ. ನಮಾಜು ಮುಗಿಸಿದ ಸುಹರಾ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಊರೂರಿನ ಡಯಾಲಿಸಿಸ್ ಕೇಂದ್ರಗಳ ಕಂಪ್ಯೂಟರುಗಳಲ್ಲಿ ತಮ್ಮ ಕೋಡಿನ ಯಾವ ಪ್ರತಿ ಓಡುತ್ತಿದೆ ಎಂದು ಒಂದೊಂದಾಗಿ ಬಿಚ್ಚಿ ನೋಡುತ್ತಿದ್ದಾರೆ. ಮೊದಲ ರೋಗಿ ತೂಕದ ಯಂತ್ರ ಹತ್ತುವುದರೊಳಗೆ ಇದು ಮುಗಿಯಬೇಕು. "ನಾನು ಬರ್ದಿದ್ದು ಸರಿ ಇದ್ರೆ ಸಾಲ್ದು. ಅಲ್ಲಿ ಓಡ್ತಿರೋದು ಅದೇನಾ ಅಂತ ನೋಡ್ಬೇಕು," ಎನ್ನುತ್ತಾರೆ, ಪರದೆಯಿಂದ ಕಣ್ಣು ತೆಗೆಯದೆ.

ಆಸ್ಪತ್ರೆಗಳಿಗೆ ತಂತ್ರಾಂಶ ಮಾಡಿಕೊಡುವ ಕಂಪನಿಯಲ್ಲಿ ಸುಹರಾಗೆ ಇದು ಹದಿನಾರನೇ ವರ್ಷ. ಅಲ್ಲಿನ ಹದಿನೇಳು ತಂಡಗಳಿಗೂ ಬೇಕಾಗುವ ಲೆಕ್ಕಾಚಾರದ ಕೋಡನ್ನು ಒಂದೇ ಕಡೆ ಬರೆದು, ಪ್ಯಾಕೇಜ್ ಮಾಡಿ, ತಿದ್ದಿದಾಗಲೆಲ್ಲ ಹೊಸ ನಂಬರು ಹಾಕಿ, ಕಂಪನಿಯವರಿಗಷ್ಟೇ ತೆರೆಯುವ ಆನ್‌ಲೈನ್ ಉಗ್ರಾಣದಲ್ಲಿಡುವುದು ಇವರ ಕೆಲಸ. ಗಂಡ ಆಸ್ಪತ್ರೆ ಸೇರಿದ್ದಾಗ ವಾರ್ಡಿನಲ್ಲಿ ಕೂತೂ ಕೋಡಿನ ತಪ್ಪು ತಿದ್ದಿದ್ದಾರೆ. ಆದರೆ ಊಟ ರುಚಿಯಾದರೆ ಹೊಗಳಿಕೆ ಬಡಿಸಿದವರಿಗೆ. ಒಳಗೆ ಬೇಯಿಸಿದವರನ್ನು ಕೇಳುವವರು ಯಾರು?

ಕಳೆದ ತಿಂಗಳು ಒಂದು ಕೇಂದ್ರದಲ್ಲಿ ಗಾಲಿಕುರ್ಚಿಯಲ್ಲೇ ಕೂರಿಸಿ ತೂಗಿದ ರೋಗಿಯೊಬ್ಬರ ಲೆಕ್ಕದಲ್ಲಿ ಕಂಪ್ಯೂಟರು ಕುರ್ಚಿಯ ತೂಕವನ್ನು ಎರಡು ಸಲ ಕಳೆಯಿತು. ತೂಕ ನೋಡಿ ದೇಹದಿಂದ ತೆಗೆಯಬೇಕಾದ ನೀರಿನ ಪ್ರಮಾಣವೇ ತಪ್ಪಿತು. ನರ್ಸ್ ಅನುಮಾನಪಟ್ಟು ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು.

ಆ ಕೇಂದ್ರದ ತಂತ್ರಾಂಶ ನೋಡಿಕೊಳ್ಳುತ್ತಿದ್ದವನು ಕೆಲಸಕ್ಕೆ ಸೇರಿ ವರ್ಷವೂ ತುಂಬದ ಪ್ರಜೀಷ್. ತೂಕದ ಲೆಕ್ಕ ಮಾತ್ರ ಸುಹರಾ ಅವರ ಪ್ಯಾಕೇಜಿನದು. ಉಗ್ರಾಣದ ಪ್ರತಿಯನ್ನು ತೆರೆದು ನೋಡಿದರೆ ಸರಿಯಾಗಿಯೇ ಇತ್ತು. "ಇತ್ತಾ ಬರ್ದಿದ್ರಲ್ಲಿ ತಪ್ಪಿರಲ್ಲ. ನೀನೇ ಏನೋ ಕೆಡಿಸಿದೀಯ," ಎಂದರು ಮ್ಯಾನೇಜರ್. ಕಚೇರಿಗೆಲ್ಲ 'ಇತ್ತಾ', ಅಂದರೆ ಅಕ್ಕ, ಆಗಿರುವ ಸುಹರಾ ಮೇಲಿನ ನಂಬಿಕೆಯೇ ಹುಡುಗನಿಗೆ ಉರುಳಾಯಿತು. ಬರುವ ಶುಕ್ರವಾರದ ಸಭೆಯಲ್ಲಿ ಅವನನ್ನು ಕೆಲಸದಿಂದ ತೆಗೆಯುವುದೆಂದು ತೀರ್ಮಾನವಾಯಿತು.

ಸುಹರಾಗೆ ಸಮಾಧಾನವಾಗಲಿಲ್ಲ. ಕೇಂದ್ರದ ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನೇ ತರಿಸಿ, ಸಾಲು ಸಾಲಾಗಿ ಓಡಿಸಿ ನೋಡಿದರು. ಅದು ಹಳೆಯದು. ಕುರ್ಚಿಯ ತಪ್ಪನ್ನು ಹಿಂದೆಯೇ ತಿದ್ದಿದ್ದ ಅವರು, ಅವಸರದಲ್ಲಿ ಹೊಸ ನಂಬರು ಕೊಡದೆ ಹಳೆ ನಂಬರಿನಲ್ಲೇ ಉಗ್ರಾಣಕ್ಕೆ ಹಾಕಿದ್ದರು. ಈ ನಂಬರಿನದು ನನ್ನ ಹತ್ತಿರ ಇದೆಯಲ್ಲ ಎಂದುಕೊಂಡ ಕೇಂದ್ರದ ಕಂಪ್ಯೂಟರು ಹೊಸದನ್ನು ತರಿಸಿಕೊಳ್ಳಲೇ ಇಲ್ಲ.

ತಕ್ಷಣ ಪ್ರಜೀಷ್‌ಗೆ ಫೋನ್ ಮಾಡಿದರು. "ತಪ್ಪು ನಂದು ಮೋನೇ," ಎಂದರು, ಮಗನನ್ನು ಕರೆಯುವ ಹಾಗೆ.

ಅವನು ಕೇಳಿದ, "ಇತ್ತಾ, ಇದನ್ನ ಎಲ್ರ ಮುಂದೆ ಹೇಳ್ತೀರಾ?"

ಆ ಪ್ರಶ್ನೆಯನ್ನು ಈಗಲೂ ನೆನೆಯುತ್ತಾರೆ ಸುಹರಾ. "ತಪ್ಪು ತಮ್ದೇ ಅಂತ ಹೇಳದೆ ಇರೋರೂ ಇದಾರೆ ಅಂತ ಅಷ್ಟು ಬೇಗ ಕಲಿತುಬಿಟ್ಟಿದ್ದ."

ಶುಕ್ರವಾರದ ಸಭೆಯಲ್ಲಿ ಎದ್ದು ನಿಂತು ಹೇಳಿದರು. ಹುಡುಗನ ಕೆಲಸ ಉಳಿಯಿತು. ಇವರಿಗೆ ಬರಬೇಕಿದ್ದ ಬಡ್ತಿ ಬೇರೆಯವರ ಪಾಲಾಯಿತು. ಬೇಸರವಿಲ್ಲವೇ ಎಂದರೆ, "ಇದೆ. ಇಲ್ಲ ಅಂದ್ರೆ ಸುಳ್ಳಾಗುತ್ತೆ," ಎನ್ನುತ್ತಾ ಮತ್ತೆ ಪರದೆಯತ್ತ ತಿರುಗುತ್ತಾರೆ. ಕೊನೆಯ ಕೇಂದ್ರದ ಪ್ರತಿಯನ್ನೂ ನೋಡಿ ಮುಗಿಸಿದ ಮೇಲೆ ತಾವೇ ಮಾತು ತೆಗೆಯುತ್ತಾರೆ.

"ನಿನ್ನೆ ನನ್ನ ಪ್ಯಾಕೇಜಲ್ಲಿ ಇನ್ನೊಂದು ತಪ್ಪು ಹಿಡ್ದಿದಾನೆ ಪ್ರಜೀಷ್. ಸೀದಾ ನಂಗೇ ಫೋನ್ ಮಾಡಿ, 'ಇತ್ತಾ, ಈ ತಪ್ಪು ನಿಮ್ದೇ' ಅಂದ. ಒಂಚೂರೂ ಹೆದರ್ಲಿಲ್ಲ."