ಶಶಿಕಿರಣನಿಗೆ ಬಂಧುಗಳಲ್ಲದವರ ಮದುವೆ

ಹಾಸನದ ಸ್ಟುಡಿಯೋ ಒಂದರಲ್ಲಿ ಲೈಟು ಹಿಡಿದು ಕೆಲಸ ಕಲಿತ ಶಶಿಕಿರಣ್, ತೊಂಬತ್ತಾರರಲ್ಲಿ ಹಳೆಯ ವಿಡಿಯೋ ಕ್ಯಾಮೆರಾ ಕೊಂಡು ಚನ್ನರಾಯಪಟ್ಟಣದಲ್ಲಿ ಸ್ವಂತ ಅಂಗಡಿ ಇಟ್ಟ. ಮದುವೆಗಳಿಗೇನೂ ಬರವಿರಲಿಲ್ಲ. ತೊಂದರೆಯೆಂದರೆ, ಕರೆದವರೆಲ್ಲ ನೆಂಟರು. ಬೆಳಗಿನ ಜಾವದಿಂದ ಬೀಗರ ಊಟದವರೆಗೆ ಹೆಗಲು ಸೋಲುವಂತೆ ದುಡಿಸಿಕೊಂಡು, ಕೊನೆಗೆ ತೆಂಗಿನಕಾಯಿಯ ಜೊತೆಗೊಂದು ಶರ್ಟ್ ಪೀಸ್ ಕೊಟ್ಟು ಕಳಿಸುತ್ತಿದ್ದರು. ಶರ್ಟ್ ಪೀಸಿಗೆ ಕ್ಯಾಸೆಟ್ ಬರುತ್ತದೆಯೇ?

ಸೋದರಮಾವ ಷಡಕ್ಷರಿಯ ಮಗಳ ಮದುವೆಯಾದ ಮೇಲೆ ಧೈರ್ಯ ಮಾಡಿ ಬಾಯಿಬಿಟ್ಟ. "ಮಾವ, ಎಡಿಟಿಂಗಿನ ಖರ್ಚಾದ್ರೂ..."

"ಮನೆ ಮದ್ವೇಗೂ ಖರ್ಚು ಕೇಳ್ತೀಯೇನ್ಲಾ? ನಾಳೆ ಊಟಕ್ಕೂ ಬಿಲ್ ಆಕ್ತೀಯ ನೀನು" ಎಂದ ಮಾವ. ಪಕ್ಕದಲ್ಲಿದ್ದ ಅಮ್ಮನೂ ತಮ್ಮನ ಮಾತಿಗೇ ತಲೆಯಾಡಿಸಿದಳು.

ಪರಿಚಯವೇ ಇಲ್ಲದ ಊರಿಗೆ ಹೋಗುವುದೆಂದು ನಿಶ್ಚಯಿಸಿ, ಅರಕಲಗೂಡಿನ ಛತ್ರದವರನ್ನು ಹಿಡಿದು ಒಂದು ಮದುವೆ ಒಪ್ಪಿಕೊಂಡ. ರೇಟು ಮಾತಾಗಿತ್ತು. ತಿಂಡಿಯ ಹೊತ್ತಿಗೆ ಹೆಣ್ಣಿನ ಅಜ್ಜಿ ಬಸವಲಿಂಗಮ್ಮ ಅವನ ಮುಖವನ್ನೇ ದಿಟ್ಟಿಸಿ, "ಯಾವೂರಾಯ್ತಪ್ಪ? ಯಾರ ಮಗ?" ಎಂದರು. ಅವನು ತೊದಲುತ್ತ ಹೇಳಿದ.

"ನೀಲಾಂಬಿಕೆ ಮೊಮ್ಮಗನಾ? ಅವ್ಳು ನಮ್ ದೊಡ್ಡಮ್ಮನ ಮಗ್ಳು ಕಣಪ್ಪ!"

ಹೆಣ್ಣಿನ ಅಪ್ಪ ಓಡಿ ಬಂದು ಭುಜ ತಟ್ಟಿದ. "ಮೊದ್ಲೇ ಏಳ್ಬಾರದಾ? ಸುಮ್ಕೆ ರೇಟು ಗೀಟು ಅಂತ ಮಾತಾಡ್ಬುಟ್ವಿ." ಶಶಿಕಿರಣ್ ಕೇಸರಿಬಾತಿನ ತಟ್ಟೆ ಕೆಳಗಿಟ್ಟು ಕ್ಯಾಮೆರಾ ಎತ್ತಿಕೊಂಡ. ಆ ಮದುವೆಯಲ್ಲೂ ಶರ್ಟ್ ಪೀಸೇ ಬಂತು.

ಮುಂದಿನ ವಾರ ಹಾಸನದ ಕ್ಯಾಸೆಟ್ ಅಂಗಡಿಯಲ್ಲಿ ಈ ಗೋಳು ತೋಡಿಕೊಳ್ಳುತ್ತಿದ್ದಾಗ, ಪಕ್ಕದಲ್ಲಿದ್ದವನೊಬ್ಬ ನಕ್ಕ. ಹೊಳೆನರಸೀಪುರದ ಕೇದಾರ್, ಅವನೂ ವಿಡಿಯೋದವನೇ. "ನಮ್ಮವರು ಶರ್ಟ್ ಪೀಸೂ ಕೊಡಲ್ಲ ಕಣ್ರೀ. ಮಂತ್ರಾಕ್ಷತೆ ಹಾಕಿ, ಒಳ್ಳೇದಾಗ್ಲಿ ಅಂತಾರೆ."

ಕಾಫಿ ಕುಡಿಯುವಷ್ಟರಲ್ಲಿ ಒಪ್ಪಂದವಾಯಿತು: ಇವನ ನೆಂಟರ ಮದುವೆ ಅವನಿಗೆ, ಅವನ ನೆಂಟರದು ಇವನಿಗೆ. ಕರೆಯಲು ಬಂದ ನೆಂಟರಿಗೆಲ್ಲ ಕ್ಯಾಮೆರಾ ರಿಪೇರಿಯಲ್ಲಿದೆ ಎಂದು ಹೇಳಿ, ಇನ್ನೊಬ್ಬನ ಹೆಸರು ಸೂಚಿಸುವುದು.

ಕೇದಾರನ ಚಿಕ್ಕಮ್ಮ ಸರಸ ತಮ್ಮ ಮಗಳ ಮದುವೆಯಲ್ಲಿ, "ಮಡಿಯಲ್ಲಿದಾರೆ, ಅತ್ತ ಬರಬೇಡಿಪ್ಪ, ಇತ್ತ ನಿಲ್ಲಬೇಡಿ" ಎಂದು ಶಶಿಕಿರಣನನ್ನು ಗೋಳು ಹೊಯ್ದುಕೊಂಡರು. ಮಾಂಗಲ್ಯಧಾರಣೆಯ ಹೊತ್ತಿಗೆ ಸರಿಯಾಗಿ ಪುರೋಹಿತರ ಬೆನ್ನು ಅಡ್ಡ ಬಂತು. ಆದರೂ ಹೊರಡುವಾಗ ಲಕೋಟೆ ಕೈಗೆ ಬಂತು. ಅವನ ಕುಲಗೋತ್ರವನ್ನು ಯಾರೂ ಕೇಳಲಿಲ್ಲ.

ಇತ್ತ ಕೇದಾರನಿಗೂ ಚನ್ನರಾಯಪಟ್ಟಣದಲ್ಲಿ ಸರಿಯಾಗಿಯೇ ದುಡ್ಡು ಸಿಗುತ್ತಿತ್ತು. ಇಬ್ಬರೂ ಸೇರಿ ಎಡಿಟಿಂಗ್ ಮಿಷನ್ ತಂದರು. ಇಬ್ಬರ ಕ್ಯಾಸೆಟ್ಟುಗಳನ್ನೂ ಕೂತು ಎಡಿಟ್ ಮಾಡುತ್ತಿದ್ದವನು ಶಶಿಕಿರಣ್.

ಎರಡು ಸಾವಿರದ ಇಸವಿಯಲ್ಲಿ ಷಡಕ್ಷರಿ ಮಾವ ಕಿರಿಯ ಮಗಳ ಲಗ್ನಪತ್ರಿಕೆ ಹಿಡಿದು ಅಂಗಡಿಗೆ ಬಂದ. "ಆ ಹೊಳೆನರಸೀಪುರದವ್ನ ನಂಬರ್ ಕೊಡ್ಲಾ. ಬೀಗರ ಮನೇಲಿ ಅವ್ನು ಮಾಡಿರೋ ಕ್ಯಾಸೆಟ್ ನೋಡ್ದೆ. ಬೇಜಾರ್ ಮಾಡ್ಕೋಬ್ಯಾಡ, ನಿಂಗಿಂತ ಅವ್ನೇ ವಾಸಿ."

ಆ ಕ್ಯಾಸೆಟ್ಟನ್ನು ಕತ್ತರಿಸಿ ಜೋಡಿಸಿದವನು ತಾನೇ ಎಂಬ ಮಾತು ಶಶಿಕಿರಣನ ನಾಲಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿಕೊಂಡು ಚೀಟಿಯ ಮೇಲೆ ನಂಬರ್ ಬರೆದ. "ಅಡ್ವಾನ್ಸ್ ಮೊದ್ಲೇ ಕೊಡ್ಬೇಕು ಮಾವ, ಬಲು ಸ್ಟ್ರಿಕ್ಟು ಅವ್ರು" ಎಂದ.